ಇಳಿಯುವ ಗಾಡಿಯಿಂದ ಲೆಕ್ಕ

ಆಲ್ಪ್ಸ್ ಬೆಟ್ಟಗಳಲ್ಲಿ ಒಂದು ದಿನ ಸುತ್ತಲು ಸ್ವಂತ ಕಾರಿದ್ದರೇ ಸ್ವಾತಂತ್ರ್ಯ ಎಂದು ಹಲವರು ನಂಬುತ್ತಾರೆ. ಸ್ವಿಟ್ಜರ್ಲೆಂಡಿನ ಅನುಭವ ಬೇರೆಯೇ ಇದೆ. 1982ರಿಂದ ಅಲ್ಲಿನ ರೈಲುಗಳು ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುತ್ತವೆ. 1987ರಲ್ಲಿ ಜನರೇ ಮತ ಹಾಕಿ ಒಪ್ಪಿದ ‘ರೈಲು 2000’ ಯೋಜನೆ ಇದನ್ನು ಇನ್ನಷ್ಟು ಗಟ್ಟಿಮಾಡಿತು. ದೊಡ್ಡ ನಿಲ್ದಾಣಕ್ಕೆ ಗಾಡಿಗಳು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ, ಜನ ಬದಲಾಯಿಸಿಕೊಂಡ ಮೇಲೆ ಒಟ್ಟಿಗೇ ಹೊರಡುತ್ತವೆ. ಕಣಿವೆಯ ಹಳದಿ ಅಂಚೆ ಬಸ್ಸೂ ರೈಲಿನ ವೇಳೆಗೇ ಹೊಂದಿಕೊಂಡಿರುತ್ತದೆ. ಬರ್ನ್‌ನಲ್ಲಿ ಹೊರಟವರು ಫಿಸ್ಪ್‌ನಲ್ಲಿ ರೈಲು ಬದಲಿಸಿ ಜೆರ್ಮಾಟ್ ಸೇರಬಹುದು. ಅಲ್ಲಿಂದ 1898ರಲ್ಲಿ ಆರಂಭವಾದ ಹಲ್ಲುಕಂಬಿ ರೈಲು 3,089 ಮೀಟರ್ ಎತ್ತರದ ಗೊರ್ನರ್‌ಗ್ರಾಟ್‌ಗೆ ಒಯ್ಯುತ್ತದೆ. ಕಾರಿನಲ್ಲಿ ಬಂದ ಪ್ರವಾಸಿಗರು ಜೆರ್ಮಾಟ್‌ಗಿಂತ ಮುಂಚೆ ಸಿಗುವ ಟೇಶ್ ಊರಿನಲ್ಲೇ ಅದನ್ನು ಬಿಡಬೇಕು.

ವೇಳಾಪಟ್ಟಿಗೆ ಕಟ್ಟುಬಿದ್ದ ಮೇಲೆ ಸ್ವಾತಂತ್ರ್ಯವೆಲ್ಲಿ ಎಂಬ ಆಕ್ಷೇಪ ಹಗುರವಾದದ್ದಲ್ಲ. ಬೆಟ್ಟದ ಎಷ್ಟೋ ಕೇಬಲ್ ಕಾರುಗಳು ಸಂಜೆಗೇ ನಿಲ್ಲುತ್ತವೆ. ತಪ್ಪಿದರೆ ನಡೆದೇ ಇಳಿಯಬೇಕು. ಹಾಗಾಗಿ ಯೋಜನೆ ಕೊನೆಯಿಂದ ಹಿಂದಕ್ಕೆ ಸಾಗಬೇಕು: ಕಡೆಯ ಗಾಡಿಗಿಂತ ಒಂದು ಮುಂಚಿನದನ್ನು ಹಿಡಿಯುವಂತೆ ನಡಿಗೆ, ಊಟ, ಹೊರಡುವ ಹೊತ್ತನ್ನು ಗೊತ್ತುಮಾಡಬೇಕು. ದಾರಿಯ ಹಳದಿ ಫಲಕಗಳು ತೋರಿಸುವ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ, ಇದನ್ನು ಮರೆಯಬಾರದು. ಬೇಸಿಗೆಯ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಬೆಳಗಿನ ರೈಲೇ ಲೇಸು. ಬೆಟ್ಟದ ರೈಲಿನ ದರ ದುಬಾರಿ, ನಿಜ. ಅರ್ಧದರದ ಕಾರ್ಡ್ ಆ ಭಾರವನ್ನು ಇಳಿಸುತ್ತದೆ. ಇಷ್ಟಾದ ಮೇಲೆ ಸಿಗುವ ಲಾಭ ದೊಡ್ಡದು. ಕಾರು ನಿಲ್ಲಿಸಿದವರು ಹತ್ತಿದ ಕಡೆಗೇ ಇಳಿಯಬೇಕು. ಬಸ್ಸಿನಲ್ಲಿ ಬಂದವರು ಕಣಿವೆಮಾರ್ಗ ದಾಟಿ ಇನ್ನೊಂದು ಊರಿಗೆ ಇಳಿದು, ಅಲ್ಲಿಯ ಬಸ್ಸಿನಲ್ಲೇ ಮನೆಯತ್ತ ಹೊರಡಬಹುದು.