ಬಾನೆಟ್ಟಿನ ಮೇಲಿನ ಕುದುರೆ ಹೊಲ ಉಳುವುದಿಲ್ಲ

(ಹೋಬಳಿ ಮಟ್ಟದ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳೆದ ಬೆಳೆಗೆ ವೈಜ್ಞಾನಿಕ ಬೆಲೆ ಸಿಗದೆ ರೈತ ಸಾಲಗಾರನಾಗುತ್ತಾನೆ ಎಂದು ನಾವು ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದೇವೆ. ಅದು ಸತ್ಯ. ಆದರೆ ಸಾಲ ನಮ್ಮ ಮನೆಗೆ ಬರುವುದಕ್ಕೆ ಇನ್ನೊಂದು ಬಾಗಿಲೂ ಇದೆ. ಕೊಳ್ಳುವ ಸಾಮಾನಿನ ಗುಣ ತಿಳಿಯದೆ ಕಾಗದಕ್ಕೆ ಸಹಿ ಹಾಕುತ್ತೇವಲ್ಲ, ಅದೇ ಆ ಬಾಗಿಲು. ಎತ್ತು ಕೊಳ್ಳುವಾಗ ಜಾತ್ರೆಯಲ್ಲಿ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಲಕ್ಷಗಟ್ಟಲೆ ಸುರಿದು ಟ್ರ್ಯಾಕ್ಟರ್ ಕೊಳ್ಳುವಾಗ ಮಾತ್ರ ಬಣ್ಣ ನೋಡಿ, ಬಾನೆಟ್ಟಿನ ಮೇಲೆ ಬರೆದ ನಂಬರು ನೋಡಿ ತರುತ್ತೇವೆ. ಅದಕ್ಕೇ ಇವತ್ತು ಸಣ್ಣ ಟ್ರ್ಯಾಕ್ಟರಿನ ಎಳೆತದ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಕಡೆ ಒಬ್ಬರು ಸಣ್ಣ ಟ್ರ್ಯಾಕ್ಟರ್ ನೋಡಲು ಹೋದರು. ಅಂಗಡಿಯವರು ಡಾಂಬರು ರಸ್ತೆಯಲ್ಲಿ ಮೂರು ಟನ್ ಭಾರದ ಟ್ರೈಲರ್ ಎಳೆದು ತೋರಿಸಿದರು. "ನೋಡಿ ಸ್ವಾಮಿ, ಹೂವು ಎತ್ತಿದ ಹಾಗೆ ಎಳೀತದೆ" ಅಂದರು. ಇವರು ನಂಬಿ ತಂದರು. ಎರೆ ಹೊಲಕ್ಕೆ ಇಳಿಸಿ ಮಣ್ಣು ಮಗುಚುವ ಕಬ್ಬಿಣದ ನೇಗಿಲು ಕಟ್ಟಿದರೆ ಚಕ್ರ ನಿಂತಲ್ಲೇ ತಿರುಗಿ ಗುಂಡಿ ತೋಡಿತು. ಎಂಜಿನ್ ಕೆಟ್ಟಿರಲಿಲ್ಲ. ಅಂಗಡಿಯವರು ಸುಳ್ಳೂ ಹೇಳಿರಲಿಲ್ಲ. ಅರ್ಧ ಸತ್ಯ ಹೇಳಿದ್ದರು. ಒಳ್ಳೆಯ ಡಾಂಬರು ರಸ್ತೆಯ ಮೇಲೆ ಗಾಡಿ ಉರುಳಿಸಲು ಅದರ ಭಾರದ ನೂರಕ್ಕೆ ಎರಡು ಮೂರು ಪಾಲು ಎಳೆತ ಸಾಕು. ಮೂರು ಟನ್ನಿಗೆ 60ರಿಂದ 90 ಕಿಲೊ. ಅಷ್ಟು ಎಳೆತವನ್ನು ಒಂದು ಒಳ್ಳೆಯ ಜೋಡಿ ಹಳ್ಳಿಕಾರ್ ಎತ್ತೂ ಕೊಡುತ್ತದೆ. ರಸ್ತೆಯ ಪರೀಕ್ಷೆ ಹೊಲದ ಪರೀಕ್ಷೆ ಅಲ್ಲ.

ಹಾಗಾದರೆ ಅಶ್ವಶಕ್ತಿ ಅಂದರೇನು? 75 ಕಿಲೊ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವ ಕೆಲಸ ಒಂದು ಅಶ್ವಶಕ್ತಿ. ಅಂದರೆ ಅದರಲ್ಲಿ ಎಳೆತವೂ ಇದೆ, ವೇಗವೂ ಇದೆ. ಹೊಲದ ಲೆಕ್ಕಕ್ಕೆ ಸುಲಭ ಸೂತ್ರ ಒಂದುಂಟು: ಎಳೆತದ ಕಿಲೊವನ್ನು ಗಂಟೆಗೆ ಹೋಗುವ ಕಿಲೋಮೀಟರಿನಿಂದ ಗುಣಿಸಿ 270ರಿಂದ ಭಾಗಿಸಿ. ಜೋಡೆತ್ತು 100 ಕಿಲೊ ಎಳೆತದಲ್ಲಿ ಗಂಟೆಗೆ ಎರಡೂವರೆ ಕಿಲೋಮೀಟರ್ ನಡೆದರೆ ಹತ್ತಿರ ಹತ್ತಿರ ಒಂದು ಅಶ್ವಶಕ್ತಿ ಆಯಿತು.

ಈಗ 15 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಬನ್ನಿ. ಸ್ವರಾಜ್ 717, ಮಹೀಂದ್ರ ಯುವರಾಜ್ 215 ಇವೆಲ್ಲ ಆ ವರ್ಗದವು. ಲೆಕ್ಕಕ್ಕೆ ಒಂದು ಗಾಡಿಯ ತೂಕ 800 ಕಿಲೊ ಅಂತ ಇಟ್ಟುಕೊಳ್ಳೋಣ. ಅದರಲ್ಲಿ ಹಿಂದಿನ ಚಕ್ರದ ಮೇಲೆ ಬೀಳುವುದು ಸುಮಾರು 500 ಕಿಲೊ. ಎರಡು ಚಕ್ರ ಮಾತ್ರ ಎಳೆಯುವ ಗಾಡಿಯಲ್ಲಿ ಮಣ್ಣನ್ನು ಹಿಡಿಯುವುದು ಆ 500 ಕಿಲೊ ತೂಕವೇ. ಗಟ್ಟಿಯಾದ ಒಣ ಹೊಲದಲ್ಲಿ ಅದರ ಅರ್ಧದಷ್ಟು ಎಳೆತ ಸಿಗುತ್ತದೆ, ಅಂದರೆ 250 ಕಿಲೊ. ಉತ್ತು ಸಡಿಲವಾದ ನೆಲದಲ್ಲಿ 200 ಸಿಕ್ಕರೆ ಪುಣ್ಯ. ಹಸಿ ನೆಲದಲ್ಲಿ ಇನ್ನೂ ಕಡಿಮೆ. 250 ಕಿಲೊ ಎಳೆತದಲ್ಲಿ ಗಂಟೆಗೆ 4 ಕಿಲೋಮೀಟರ್ ಹೋದರೆ ಸೂತ್ರದ ಪ್ರಕಾರ ಎಷ್ಟು? 3.7 ಅಶ್ವಶಕ್ತಿ! ಹದಿನೈದು ಕುದುರೆಗೆ ದುಡ್ಡು ಕೊಟ್ಟೆವು, ನೇಗಿಲಿಗೆ ಬಂದದ್ದು ನಾಲ್ಕೂ ತುಂಬಲಿಲ್ಲ. ನೇಗಿಲು ನೆಲದಲ್ಲಿ ಇಳಿದಾಗ ಸ್ವಲ್ಪ ಭಾರ ಹಿಂದಿನ ಚಕ್ರಕ್ಕೆ ಸೇರುತ್ತದೆ, ಅದರಿಂದ ಒಂದಿಷ್ಟು ಹೆಚ್ಚು ಸಿಗಬಹುದು. ಆದರೂ ಮುಖ್ಯ ಮಾತು ಬದಲಾಗುವುದಿಲ್ಲ. ತೂಕ ಇಲ್ಲದ ಗಾಡಿಗೆ 18 ಅಶ್ವಶಕ್ತಿಯ ಎಂಜಿನ್ ಇಟ್ಟರೂ ನೇಗಿಲಿಗೆ ಬರುವ ಎಳೆತ ಹೆಚ್ಚಾಗುವುದಿಲ್ಲ, ಚಕ್ರ ಬೇಗ ಬೇಗ ಜಾರುತ್ತದೆ ಅಷ್ಟೇ.

ಇನ್ನು ನೇಗಿಲು ಎಷ್ಟು ಬೇಡುತ್ತದೆ ನೋಡಿ. ಒಂದು ಅಡಿ ಅಗಲ, ಅರ್ಧ ಅಡಿ ಆಳದ ಒಂದೇ ಸಾಲಿಗೆ ಹದವಾದ ಕೆಂಪು ಮಣ್ಣಿನಲ್ಲಿ ಸುಮಾರು 150 ಕಿಲೊ ಎಳೆತ ಬೇಕು. ಗಟ್ಟಿ ಎರೆಯಲ್ಲಿ ಅದೇ ಸಾಲು 300 ದಾಟುತ್ತದೆ. ಆದ್ದರಿಂದ ಕೋಲಾರ, ತುಮಕೂರಿನ ಕೆಂಪು ನೆಲದವನಿಗೆ ಸರಿಹೋದ ಗಾಡಿ ಧಾರವಾಡ, ಗದಗ, ವಿಜಯಪುರದ ಎರೆ ನೆಲದವನಿಗೆ ಸರಿಹೋಗಬೇಕು ಅಂತೇನಿಲ್ಲ. ಬೇರೆ ಜಿಲ್ಲೆಯ ನೆಂಟರ ಮಾತು ಕೇಳಿ ಗಾಡಿ ತರಬೇಡಿ, ನಿಮ್ಮ ಮಣ್ಣನ್ನು ಕೇಳಿ.

ನಾಲ್ಕೂ ಚಕ್ರ ಎಳೆಯುವ ಸಣ್ಣ ಗಾಡಿಗಳು ಈಗ ಬಹಳ ಬಂದಿವೆ. ಅದರಲ್ಲಿ ಮುಂದಿನ ಚಕ್ರದ ಮೇಲಿನ ತೂಕವೂ ದುಡಿಯುತ್ತದೆ. ಅದೇ 800 ಕಿಲೊ ಗಾಡಿ ನಾಲ್ಕು ಚಕ್ರದ್ದಾದರೆ 250ರ ಬದಲು 350ಕ್ಕೂ ಮೇಲೆ ಎಳೆಯಬಲ್ಲದು. ಆದರೆ ಕೇಳಬೇಕಾದ ಪ್ರಶ್ನೆ ಬಿಡಬೇಡಿ: ಗಾಡಿಯ ತೂಕ ಎಷ್ಟು? ಹಗುರ ಗಾಡಿ ನಾಲ್ಕು ಚಕ್ರದ್ದಾದರೂ ಹಗುರವೇ.

ಹಾಗಂತ ಸಣ್ಣ ಟ್ರ್ಯಾಕ್ಟರ್ ಪ್ರಯೋಜನವಿಲ್ಲ ಎಂದು ನಾನು ಹೇಳುತ್ತಿಲ್ಲ. ರೊಟವೇಟರ್, ಔಷಧಿ ಸಿಂಪಡಿಸುವ ಪಂಪು ಇವು ಪಿ.ಟಿ.ಓ. ದಂಡದಿಂದ ತಿರುಗುತ್ತವೆ. ಅಲ್ಲಿ ಚಕ್ರದ ಹಿಡಿತಕ್ಕಿಂತ ಎಂಜಿನ್ನಿನ ಬಲ ಮುಖ್ಯ. ರೊಟವೇಟರಿನ ಕತ್ತಿಗಳು ಗಾಡಿಯನ್ನು ಮುಂದಕ್ಕೆ ತಳ್ಳುತ್ತವೆ ಕೂಡ. ತೋಟದೊಳಗೆ, ಸಾಲಿನ ನಡುವೆ ಕುಂಟೆ ಹೊಡೆಯಲು ಸಣ್ಣ ಗಾಡಿಯೇ ಮೇಲು, ನೆಲ ಕಡಿಮೆ ತುಳಿಯುತ್ತದೆ. ಒಟ್ಟಿನಲ್ಲಿ ನೇಗಿಲಿಗೆ ತೂಕ ಬೇಕು, ರೊಟವೇಟರಿಗೆ ಅಶ್ವಶಕ್ತಿ ಬೇಕು. ನಿಮಗೆ ಯಾವ ಕೆಲಸ ಹೆಚ್ಚು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಅಂಗಡಿಗೆ ಹೋಗಿ.

ಈಗಾಗಲೇ ಗಾಡಿ ತಂದವರು ಒಂದು ಪರೀಕ್ಷೆ ಮಾಡಿ. ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಹೊಲದಲ್ಲಿ ನೇಗಿಲು ಎತ್ತಿಕೊಂಡು ಚಕ್ರ 10 ಸುತ್ತು ತಿರುಗುವಷ್ಟು ಹೋಗಿ ಅಳತೆ ಮಾಡಿ. ಆಮೇಲೆ ನೇಗಿಲು ಇಳಿಸಿ ಅದೇ 10 ಸುತ್ತು ಹೋಗಿ. ಮೊದಲು 30 ಮೀಟರ್ ಹೋಗಿದ್ದು, ಈಗ 26 ಹೋದರೆ ಜಾರಿದ್ದು ನೂರಕ್ಕೆ 13. ಅದು ಸರಿಯಾದ ಅಳತೆ. 22 ಹೋದರೆ ನೂರಕ್ಕೆ 27 ಜಾರಿದೆ. ಚಕ್ರ ತಿರುಗಿದ್ದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ದಂಡ, ಟೈರು ಸವೆದದ್ದು ಬೇರೆ. ಹಾಗಾದರೆ ಹಿಂದಿನ ಟೈರಿನ ಮುಕ್ಕಾಲು ಪಾಲು ನೀರು ತುಂಬಿಸಿ, ಚಕ್ರಕ್ಕೆ ಬೀಡಿನ ತೂಕ ಕಟ್ಟಿಸಿ. ಇಲ್ಲವೇ ನೇಗಿಲಿನ ಆಳ, ಅಗಲ ಕಡಿಮೆ ಮಾಡಿ. ಕೆಸರು ಗದ್ದೆಗೆ ಕಬ್ಬಿಣದ ಕೇಜ್ ಚಕ್ರ ಹಾಕಿ. ಒಂದು ಎಚ್ಚರಿಕೆ: ಎಳೆತ ಹೆಚ್ಚಲಿ ಎಂದು ಹಗ್ಗ, ಸರಪಳಿಯನ್ನು ಕೊಕ್ಕೆ ಬಿಟ್ಟು ಮೇಲೆ ಎಲ್ಲಾದರೂ ಬಿಗಿಯಬೇಡಿ. ಮುಂಭಾಗ ಎದ್ದು ಗಾಡಿ ಹಿಂದಕ್ಕೆ ಮಗುಚಿ ಬೀಳುತ್ತದೆ. ಪ್ರಾಣಕ್ಕೆ ಕಂತು ಇಲ್ಲ.

ಕೊನೆಗೆ ಬಡ್ಡಿಯ ಮಾತು. 3 ಲಕ್ಷ ಸಾಲಕ್ಕೆ ನೂರಕ್ಕೆ 12ರ ಬಡ್ಡಿ ಅಂದರೆ ಮೊದಲ ವರ್ಷ 36,000 ರೂಪಾಯಿ. ಗಾಡಿ ವರ್ಷಕ್ಕೆ 200 ಗಂಟೆ ದುಡಿದರೆ ಗಂಟೆಗೆ 180 ರೂಪಾಯಿ ಬರೀ ಬಡ್ಡಿ. ಅಸಲು, ಡೀಸೆಲ್, ರಿಪೇರಿ ಬೇರೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ, ಒಳ್ಳೆಯದೇ. ಆದರೆ ತೆರಿಗೆ ಇಳಿದ ಮಾತ್ರಕ್ಕೆ ಕೆಲಸಕ್ಕೆ ಬಾರದ ಗಾಡಿ ಕೆಲಸಕ್ಕೆ ಬರುವುದಿಲ್ಲ. ನಾಲ್ಕೈದು ಎಕರೆಯವರು ಕೂಡಿ ಒಂದು ಗಾಡಿ ತನ್ನಿ, ಇಲ್ಲವೇ ಬಾಡಿಗೆ ಲೆಕ್ಕ ಹಾಕಿ ನೋಡಿ. 1980ರ ದಶಕದಲ್ಲಿ ಜಪ್ತಿಯ ವಿರುದ್ಧ ಊರ ಬಾಗಿಲಲ್ಲಿ ಬೋರ್ಡು ಹಾಕಿ ನಿಂತ ಚಳವಳಿ ನಮ್ಮದು. ಜಪ್ತಿ ತಡೆಯುವಷ್ಟೇ ಮುಖ್ಯ, ಜಪ್ತಿಗೆ ದಾರಿಯಾಗುವ ಸಾಲವನ್ನು ತಡೆಯುವುದು.

ಇದರಲ್ಲಿ ಸರ್ಕಾರಕ್ಕೂ ಹೊಣೆ ಇದೆ. ಅಮೆರಿಕದ ನೆಬ್ರಾಸ್ಕದಲ್ಲಿ ಕ್ರೋಜಿಯರ್ ಎಂಬ ರೈತ ಕೊಂಡ ಟ್ರ್ಯಾಕ್ಟರ್ ಕೈಕೊಟ್ಟಿತು. ಆತ ಶಾಸನಸಭೆಗೆ ಆರಿಸಿ ಹೋಗಿ, ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯಾಗದ ಟ್ರ್ಯಾಕ್ಟರ್ ಮಾದರಿಯನ್ನು ಆ ರಾಜ್ಯದಲ್ಲಿ ಮಾರಕೂಡದೆಂದು 1919ರಲ್ಲಿ ಕಾಯಿದೆಯನ್ನೇ ತಂದ. 1920ರಲ್ಲಿ ಪರೀಕ್ಷೆ ಶುರುವಾಯಿತು. ನಮ್ಮಲ್ಲೂ ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಇದೆ. ಅದರ ವರದಿಯಲ್ಲಿ ಗಾಡಿಯ ತೂಕ, ಪಿ.ಟಿ.ಓ. ಬಲ, ಕೊಕ್ಕೆಯ ಎಳೆತ, ಡೀಸೆಲ್ ಖರ್ಚು ಎಲ್ಲ ಇರುತ್ತದೆ. ಗಟ್ಟಿ ಹಾದಿಯ ಮೇಲಿನ ಆ ಎಳೆತ ಹೊಲದಲ್ಲಿ ಪೂರಾ ಸಿಗದು, ಆದರೆ ಎರಡು ಗಾಡಿ ಹೋಲಿಸಲು ಅದಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ.

ನಮ್ಮ ಒತ್ತಾಯ ಇಷ್ಟೇ. ಆ ವರದಿಯ ಅಂಕಿಗಳನ್ನು ಕನ್ನಡದಲ್ಲಿ ಪ್ರತಿ ಅಂಗಡಿಯಲ್ಲೂ ತೂಗುಹಾಕಬೇಕು. ಸಾಲ ಕೊಡುವ ಮೊದಲು ಗಾಡಿಯನ್ನು ರೈತನ ಹೊಲದಲ್ಲೇ, ರೈತನ ನೇಗಿಲು ಕಟ್ಟಿ ತೋರಿಸಬೇಕು. ಅಲ್ಲಿಯವರೆಗೆ ಯಾರೂ ಸಹಿ ಹಾಕಬೇಡಿ. ಎತ್ತಿನ ಹಲ್ಲು ನೋಡಿದ ನಾವು ಇದರ ಹಲ್ಲೂ ನೋಡೋಣ.