ಲೋಹದ ಹರಳಿನೊಳಗೆ ಹೊಸ ಪರಮಾಣು

ಮಂಡಿ, ಸೊಂಟದ ಕೀಲು ಸವೆದವರಿಗೆ ವೈದ್ಯರು ಲೋಹದ ಕೀಲು ಜೋಡಿಸುವುದನ್ನು ಕೇಳಿದ್ದೀರಲ್ಲವೇ? ಅದಕ್ಕೆ ಬಳಸುವ ಲೋಹಗಳಲ್ಲಿ ಟೈಟಾನಿಯಂ ಒಂದು. ಹಗುರ, ಬಲವಾದದ್ದು, ತುಕ್ಕು ಹಿಡಿಯದು. ಆದರೆ ಉಜ್ಜಿದರೆ ಬೇಗ ಸವೆಯುತ್ತದೆ. ಮೇಲೆ ಗಟ್ಟಿ ಲೇಪ ಕೊಡಬಹುದು, ಅದು ಎದ್ದು ಬಂದರೆ? ಗಟ್ಟಿತನವನ್ನು ಲೋಹದ ಒಳಕ್ಕೇ ತುಂಬುವ ದಾರಿಯೊಂದಿದೆ. 1970ರ ದಶಕದಲ್ಲಿ ಇಂಗ್ಲೆಂಡಿನ ಹಾರ್ವೆಲ್ ಸಂಶೋಧನಾ ಕೇಂದ್ರದಲ್ಲಿ ಜೆಫ್ರಿ ಡಿಯರ್ನಲಿ ಮತ್ತು ಸಂಗಡಿಗರು ಲೋಹಗಳ ಮೇಲೆ ಇದನ್ನು ಪಳಗಿಸಿದರು.

ಹೇಗೆ ಗೊತ್ತೇ? ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚಿನ ಪಾಲು ಸಾರಜನಕ. ಅದರ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ಅದು ವಿದ್ಯುದಂಶವುಳ್ಳ ಅಯಾನು ಆಗುತ್ತದೆ. ಈಗ ಅದು ವಿದ್ಯುತ್ತಿನ ಮಾತು ಕೇಳುತ್ತದೆ. ಗಾಳಿಯನ್ನೆಲ್ಲ ಹೊರತೆಗೆದ ಕೊಳವೆಯಲ್ಲಿ 1 ಲಕ್ಷ ವೋಲ್ಟ್ ಕೊಟ್ಟರೆ, ಸೆಕೆಂಡಿಗೆ ಸುಮಾರು 1,200 ಕಿಲೋಮೀಟರ್ ವೇಗದಲ್ಲಿ ಓಡಿ ಲೋಹಕ್ಕೆ ನುಗ್ಗುತ್ತದೆ. ಇಷ್ಟು ವೇಗವಿದ್ದರೂ ಅದು ಇಳಿಯುವ ಆಳ ಕೂದಲೆಳೆಯ ದಪ್ಪದ ನೂರರಲ್ಲಿ ಒಂದು ಪಾಲೂ ಅಲ್ಲ! ಹಾಗಾಗಿ ಕೀಲಿನ ಅಳತೆ ಒಂದಿಷ್ಟೂ ಬದಲಾಗುವುದಿಲ್ಲ. ಈ ಉಪಾಯದಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ.

ಒಳಗೆ ಮಾತ್ರ ಗಲಿಬಿಲಿ. ಲೋಹವೆಂದರೆ ಪುಟ್ಟ ಹರಳುಗಳ ಗುಂಪು. ಪ್ರತಿ ಹರಳಿನಲ್ಲೂ ಪರಮಾಣುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿರುತ್ತವೆ. ಅಯಾನು ನುಗ್ಗಿದಾಗ ಕೆಲವು ತಮ್ಮ ಜಾಗ ಬಿಟ್ಟು ಹಾರುತ್ತವೆ. ಒಂದು ಕಡೆ ಜಾಗ ಖಾಲಿ, ಇನ್ನೊಂದು ಕಡೆ ಎರಡು ಸಾಲುಗಳ ನಡುವೆ ಯಾರೋ ತುರುಕಿಕೊಂಡಿರುತ್ತಾರೆ.

ಇದನ್ನು ಸರಿಪಡಿಸುವುದು ಶಾಖ. ಬಿಸಿಯಾದಾಗ ಪರಮಾಣುಗಳ ನಡುಕ ಹೆಚ್ಚುತ್ತದೆ, ಅವು ಜಾಗ ಬದಲಿಸತೊಡಗುತ್ತವೆ. ತುರುಕಿಕೊಂಡದ್ದಕ್ಕೆ ಖಾಲಿ ಜಾಗ ಸಿಕ್ಕಿದರೆ ಅಲ್ಲೇ ಕೂರುತ್ತದೆ. ಸಾರಜನಕವು ಟೈಟಾನಿಯಂ ಜೊತೆ ಸೇರಿ ಟೈಟಾನಿಯಂ ನೈಟ್ರೈಡ್ ಎಂಬ ಬಹು ಗಟ್ಟಿಯಾದ ವಸ್ತುವಾಗುತ್ತದೆ. ಆದರೆ ಶಾಖಕ್ಕೂ ಹದ ಬೇಕು. ಅತಿಯಾದರೆ ತೂರಿಸಿದ ಪರಮಾಣುಗಳು ಆಳಕ್ಕೆ ಹರಡಿ, ಮೇಲ್ಮೈಯಲ್ಲಿ ಬೇಕಾದಷ್ಟು ಉಳಿಯುವುದಿಲ್ಲ. ಅಕ್ಕಸಾಲಿಗರು ಬಡಿದು ಬಿರುಸಾದ ಚಿನ್ನವನ್ನು ಕಾಯಿಸಿ ಮತ್ತೆ ಮೆದುವಾಗಿಸುವುದನ್ನು ನೋಡಿದ್ದೀರಾ? ಅಲ್ಲೂ ಕೆಲಸ ಮಾಡುವುದು ಪರಮಾಣುಗಳ ಇದೇ ಓಡಾಟ.

ನಿಮ್ಮ ಮನೆಯ ಮೊಬೈಲಿನ ಚಿಪ್ ಕೂಡ ಇದೇ ದಾರಿಯಲ್ಲಿ ತಯಾರಾದದ್ದು. ಅಲ್ಲಿ ಲೋಹದ ಬದಲು ಸಿಲಿಕಾನ್ ಹರಳು, ಸಾರಜನಕದ ಬದಲು ಬೋರಾನ್ ಅಥವಾ ರಂಜಕ. ತೂರಿಸಿದ ಮೇಲೆ ಅದನ್ನು ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವೇ ಸೆಕೆಂಡು ಕಾಯಿಸುತ್ತಾರೆ. ಹಾಗೆ ಕಾಯಿಸದಿದ್ದರೆ ಚಿಪ್ ಕೆಲಸ ಮಾಡುವುದಿಲ್ಲ.