ಹೊಯ್ಗೆಯ ಮೇಲಿನ ಕಾವಲು

ಕುಂದಾಪುರದ ಕೋಡಿ ಕಡಲತೀರಕ್ಕೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಗೂಡಿಗೆ ಸುಮಾರು 100 ಮೊಟ್ಟೆ. ಮರಿ ಹೊರಬರಲು 45ರಿಂದ 60 ದಿನ. ಅಷ್ಟು ದಿನ ನಾಯಿ, ನರಿಗಳಿಂದ ಕಾಯಬೇಕು. ಅರಣ್ಯ ಇಲಾಖೆಯ ಜೊತೆ ಊರವರೂ, ಮೀನುಗಾರರೂ ಕೈಜೋಡಿಸುತ್ತಾರೆ.

ಅಂಗಡಿ, ಮನೆ, ಮಗಳ ಪರೀಕ್ಷೆ ಎಂದು ಉಸಿರಾಡಲೂ ಪುರುಸೊತ್ತಿಲ್ಲದ ದಿನಗಳಲ್ಲೇ ನಾನೂ ಒಂದು ರಾತ್ರಿ ಹೋಗಿ ಕುಳಿತೆ. ಬೆಳಕು ಕಂಡರೆ ಮರಿಗಳು ದಾರಿ ತಪ್ಪುತ್ತವೆ ಎಂದು ಎಲ್ಲರೂ ಮೊಬೈಲ್ ಆರಿಸಿಟ್ಟೆವು. ನಾಲ್ಕು ಗಂಟೆ ಫೋನ್ ಮುಟ್ಟದೆ ಕುಳಿತು ಎಷ್ಟು ವರ್ಷವಾಗಿತ್ತೋ! ಅಲೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಸುಕಿನಲ್ಲಿ ಹೊಯ್ಗೆ ಮೆಲ್ಲಗೆ ಕುಸಿಯಿತು. ಹೆಬ್ಬೆರಳಿನಷ್ಟುದ್ದದ ಕಪ್ಪು ಮರಿಯೊಂದು ತಲೆಯೆತ್ತಿತು. ಎತ್ತಿಕೊಳ್ಳಲು ಕೈ ಚಾಚಿದೆ. ಪಕ್ಕದಲ್ಲಿದ್ದ ಹಿರಿಯ ಮೀನುಗಾರರು ತಡೆದರು: "ಮುಟ್ಬೇಡಿ, ಅದ್ಕೆ ದಾರಿ ಗೊತ್ತಿತ್ತ್."

ನಾನು ನೂಕದಿದ್ದರೆ ನನ್ನ ದಿನದಲ್ಲಿ ಏನೂ ಸಾಗದು ಎಂದುಕೊಂಡಿದ್ದವನಿಗೆ ಆ ಮಾತು ನೇರ ಎದೆಗೆ ಇಳಿಯಿತು.

ನಿದ್ದೆಗೆಟ್ಟೇ ಅಂಗಡಿ ಬಾಗಿಲು ತೆಗೆದೆ. ಮೈ ದಣಿದಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು. ಬರುವ ಚಳಿಗಾಲಕ್ಕೆ ತಾನೂ ಬರುತ್ತೇನೆಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ.